ಆ ಕಡೆ ಕೂತವನು

"ರೀ, ಊಟದ ಮೇಜು ನನಗೆ ಈವತ್ತು ಬೇಕೇ ಬೇಕು!"

ಹೆಂಡತಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಾಗ ಹಲ್ಲಿನ ಡಾಕ್ಟರು ಕೆಂಪು ಸೈನ್ಯದ ಕುರ್ಚಿಯಿಂದೆದ್ದು ನೀಲಿ ಸೈನ್ಯದ ಕುರ್ಚಿಗೆ ಹೋಗುತ್ತಿದ್ದರು. ಮೇಜಿನ ಮೇಲೆ ಹಸಿರು ಬಟ್ಟೆ, ಅದರಡಿ ಪುಸ್ತಕ ಪೇರಿಸಿ ಎಬ್ಬಿಸಿದ ಗುಡ್ಡ, ಸುತ್ತಲೂ ನೆಪೋಲಿಯನ್ನನ ಕಾಲದ ವೇಷದ, ಹೆಬ್ಬೆರಳು ಗಾತ್ರದ ಗೊಂಬೆ ಸೈನಿಕರು. ಒಬ್ಬೊಬ್ಬನ ಕೋಟಿನ ಗುಂಡಿಗೂ ಡಾಕ್ಟರು ಹಲ್ಲು ಕೆರೆಯುವ ಕಡ್ಡಿಯ ತುದಿಯಿಂದ ಬಣ್ಣ ಇಟ್ಟಿದ್ದರು. ಎದುರಾಳಿ ಅಂತ ಯಾರೂ ಇಲ್ಲ. ಎರಡೂ ಕಡೆ ಅವರೇ ಆಡುವುದು.

"ಅಣ್ಣ ಅತ್ತಿಗೆ ಊಟಕ್ಕೆ ಬರ್ತಾ ಇದ್ದಾರೆ. ಮೂರು ವಾರದಿಂದ ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಾ ಇದೀವಿ. ಅವರನ್ನೂ ಹಾಗೇ ಕೂರಿಸ್ಲಾ?"

"ಇನ್ನೇನು ಮುಗೀತು ಕಣೇ. ಗುಡ್ಡ ಯಾರ ಪಾಲು ಅಂತ ಗೊತ್ತಾದರೆ ಯುದ್ಧ ಮುಗಿದ ಹಾಗೇ."

"ಯಾರೋ ಒಬ್ಬರು ಸೋತುಬಿಡಿ. ಹೇಗೂ ಇಬ್ಬರೂ ನೀವೇ ತಾನೇ?"

ಡಾಕ್ಟರಿಗೆ ಮೈಯೆಲ್ಲ ಉರಿಯಿತು. "ಬೇಕಂತ ಸೋಲೋದಾ? ಆ ಕಡೆ ಕೂತವನಿಗೆ ಅವಮಾನ ಅಲ್ವೇನೇ?" ಖಾಲಿ ಕುರ್ಚಿಯತ್ತ ಅವರು ಕೈ ತೋರಿಸಿದ ರೀತಿಗೆ ಹೆಂಡತಿಯೂ ಒಮ್ಮೆ ತಿರುಗಿ ನೋಡಿಬಿಟ್ಟರು. ಆಟದಲ್ಲಿ ಡಾಕ್ಟರು ಅಷ್ಟು ಕಟ್ಟುನಿಟ್ಟು. ನೀಲಿ ಕುರ್ಚಿಯಲ್ಲಿದ್ದಾಗ ಕೆಂಪಿನವನ ಉಪಾಯ ನೆನಪಾದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುವರು. ದಾಳ ಮೇಜಿನಿಂದ ಕೆಳಗುರುಳಿದರೆ, ಆರು ಬಿದ್ದಿದ್ದರೂ ಲೆಕ್ಕಕ್ಕಿಲ್ಲ. ಹಾಗಾಗಿಯೇ ಯುದ್ಧ ಅತ್ತಲೂ ಹೋಗದೆ ಇತ್ತಲೂ ಬರದೆ ನಿಂತಿತ್ತು.

ಹೆಂಡತಿ ಸೌಟು ಪಕ್ಕಕ್ಕಿಟ್ಟು ಕೆಂಪು ಕುರ್ಚಿಯಲ್ಲಿ ಧೊಪ್ಪನೆ ಕೂತರು. "ಈ ಕಡೆ ನಾನು ಆಡ್ತೀನಿ. ನಾನು ಗೆದ್ದರೆ ಈಗಿಂದೀಗ ಎಲ್ಲಾ ಡಬ್ಬಿಗೆ. ನೀವು ಗೆದ್ದರೆ ಇನ್ನೊಂದು ತಿಂಗಳು ಮೇಜು ನಿಮ್ಮದೇ, ಅಣ್ಣನಿಗೆ ನಾನೇ ಏನಾದ್ರೂ ಹೇಳ್ಕೋತೀನಿ."

ಡಾಕ್ಟರಿಗೆ ಒಳಗೊಳಗೇ ನಗು. ಬಂದೂಕಿನವನು ಯಾರು, ಫಿರಂಗಿಯವನು ಯಾರು ಅಂತ ತಿಳಿಯದವರು ಗೆಲ್ಲುವುದುಂಟೇ!

"ಇವರನ್ನೆಲ್ಲ ಒಟ್ಟಿಗೇ ಗುಡ್ಡ ಹತ್ತಿಸಬಹುದಾ?"

"ಹತ್ತಿಸಬಹುದು. ಆದರೆ ಬುದ್ಧಿ ಇರೋ ಯಾವ ಸೇನಾಪತಿನೂ ಹಾಗೆ ಮಾಡಲ್ಲ."

"ನಾನು ಮಾಡ್ತೀನಿ." ಎರಡೂ ಕೈಯಿಂದ ಬಾಚಿ ಇಡೀ ಕೆಂಪು ಸೈನ್ಯವನ್ನು ಗುಡ್ಡದ ಮೇಲಕ್ಕೆ ತಳ್ಳಿದರು. ದಾಳ ಹಾಕಿದರೆ ಐದು. ಮತ್ತೆ ಹಾಕಿದರೆ ಆರು, ಮತ್ತೂ ಆರು. ಮೂರು ವಾರ ಅಲ್ಲಾಡದೆ ನಿಂತಿದ್ದ ನೀಲಿ ಸಾಲು ಪಟಪಟ ಉರುಳಿತು. ಡಾಕ್ಟರ ಹಣೆಯಲ್ಲಿ ಬೆವರು. ಉಳಿದದ್ದು ಅವರದೊಂದೇ ದಾಳ. ಗುಡ್ಡ ಉಳಿಯಬೇಕಾದರೆ ಆರೇ ಬೀಳಬೇಕು.

ಹಾಕಿದರು. ದಾಳ ಗುಡ್ಡದ ಮರೆಗೆ, ಅವರ ಕಡೆಗೇ ಉರುಳಿತು. ಬಿದ್ದದ್ದು ಮೂರು.

"ಆರು!" ಎಂದರು ಡಾಕ್ಟರು, ಕಿರುಬೆರಳಿಂದ ದಾಳವನ್ನು ಮೆಲ್ಲಗೆ ಮಗುಚುತ್ತಾ.

ಹೆಂಡತಿ ಲೆಕ್ಕದ ಟೀಚರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದೂ ಹಿಡಿದೂ ಪಳಗಿದ ಕಣ್ಣು. "ಬೆರಳು ತೆಗೀರಿ," ಎಂದರು.

ಡಾಕ್ಟರು ತೆಗೆದರು. ಕಿವಿಯೆಲ್ಲ ಕೆಂಪಾಗಿತ್ತು.

ಗೆದ್ದ ಖುಷಿ ಹೆಂಡತಿಯ ಮುಖದಲ್ಲಿರಲಿಲ್ಲ. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. "ಅಲ್ರೀ, ಮೂರು ವಾರ ಒಬ್ಬರೇ ಆಡಿದ್ರಿ, ಒಂದು ದಿನಾನೂ ಮೋಸ ಮಾಡ್ಲಿಲ್ಲ. ನಾನು ಬಂದು ಕೂತು ಇನ್ನೂ ಕುರ್ಚಿ ಬಿಸಿ ಆಗಿಲ್ಲ, ಅಷ್ಟರಲ್ಲೇ ಶುರು ಹಚ್ಕೊಂಡ್ರಾ?"

ಡಾಕ್ಟರು ಬಿದ್ದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಡಬ್ಬಿಯ ಹತ್ತಿಯಲ್ಲಿ ಮಲಗಿಸತೊಡಗಿದರು. ತಲೆ ಎತ್ತದೆಯೇ ಹೇಳಿದರು:

"ಅಲ್ಲಿ ನಿನಗಿಂತ ಮುಂಚೆ ಕೂರ್ತಿದ್ದನಲ್ಲ, ಅವನ ಕಣ್ಣಿಗೆ ಮಣ್ಣೆರಚೋಕೆ ಆಗ್ತಿರಲಿಲ್ಲ ಕಣೇ."