ಮುಗಿಯದ ರೂಪಾಯಿ

ಲೋಕಸಭಾ ಚುನಾವಣೆಗೆ ನಿಂತಿದ್ದ ಅರ್ಥಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ ಸಂಜೆಯ ಸಭೆ ಮುಗಿಸಿ ವೇದಿಕೆ ಇಳಿಯುತ್ತಿದ್ದಂತೆ ಪಕ್ಷದ ಜಿಲ್ಲಾಧ್ಯಕ್ಷರು ಅಡ್ಡ ನಿಂತರು.

“ಆಸ್ಪತ್ರೆ ಕಟ್ಟೋಕೆ ದುಡ್ಡಿಲ್ಲ ಅಂತ ದೆಹಲಿಯಲ್ಲಿ ನಮ್ಮ ಸರ್ಕಾರವೇ ಹೇಳಿದೆ. ನೀವು ಅದನ್ನ ಸುಳ್ಳು ಅಂದ್ರಲ್ಲ ಮೇಡಂ?”

“ನೋಟು ಹೊರಡಿಸೋ ಸರ್ಕಾರಕ್ಕೆ ರೂಪಾಯಿ ಹೇಗೆ ಮುಗಿಯುತ್ತೆ? ಮುಗಿದರೆ ಸಿಮೆಂಟು ಮುಗೀಬೇಕು, ನರ್ಸುಗಳು ಸಿಗದೆ ಹೋಗಬೇಕು. ಇಲ್ಲಿ ನರ್ಸಿಂಗ್ ಓದಿದ ಹುಡುಗೀರು ಕೆಲಸ ಇಲ್ಲದೆ ಮನೇಲಿದ್ದಾರೆ.”

“ಹಾಗೆ ನೋಟು ಬಿಟ್ಟರೆ ಬೆಲೆ ಏರಲ್ವಾ?”

“ಇರೋ ಒಬ್ಬ ನರ್ಸಿಗೆ ಇಬ್ಬರು ಪೈಪೋಟಿ ಮಾಡಿದರೆ ಏರುತ್ತೆ. ಖಾಲಿ ಕೂತಿರೋರಿಗೆ ಕೆಲಸ ಕೊಟ್ಟರೆ ಯಾಕೆ ಏರುತ್ತೆ?”

ಅಧ್ಯಕ್ಷರ ದನಿ ಗಡುಸಾಯಿತು. “ಈಗಲೇ ಮೈಕ್ ಹಿಡಿದು ಮಾತು ವಾಪಸ್ ತಗೊಳ್ಳಿ. ಇಲ್ಲಾಂದ್ರೆ ನಾಳೆ ಅಭ್ಯರ್ಥಿ ಬದಲಾಗ್ತಾರೆ.”

“ನಾಮಪತ್ರ ವಾಪಸ್ ತಗೊಳ್ಳೋ ಗಡುವು ಮಧ್ಯಾಹ್ನವೇ ಮುಗೀತು, ಅಧ್ಯಕ್ಷರೇ, ಇನ್ನು ಅಭ್ಯರ್ಥೀನ ಬದಲಾಯಿಸೋಕಾಗಲ್ಲ,” ಎಂದರು ಆಕೆ. “ಅದಕ್ಕೇ ಸಂಜೆವರೆಗೂ ಬಾಯಿ ಬಿಡಲಿಲ್ಲ.”