ಕೆರೆ ದಂಡೆಯ ಧ್ವನಿಮುದ್ರಣ

ಕೆರೆ ದಂಡೆಯಲ್ಲಿ ಕೂತು ಧ್ವನಿಮುದ್ರಿಸಿದ್ದ ಕಪ್ಪೆಗಳ ಕೂಗನ್ನೆಲ್ಲ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತಂದಳು.

“ಕಪ್ಪೆ ಕೂಗೋ ತನಕ ಹೊತ್ತು ಹೋಗ್ಲಿ ಅಂತ ನಡುನಡುವೆ ನಾನೂ ಏನೇನೋ ಒದರಿದೀನಿ ಮೇಡಂ. ಕತ್ತರಿಸಿ ಕೊಡ್ಲಾ?”

“ಬೇಡಮ್ಮ. ಸಂಶೋಧನೆಯ ದತ್ತಾಂಶ ಹೇಗಿದೆಯೋ ಹಾಗೇ ಇರ್ಬೇಕು, ಯಾರು ಬೇಕಾದ್ರೂ ಕೇಳೋ ಹಾಗಿರ್ಬೇಕು” ಎಂದು ಗ್ರಂಥಪಾಲಕಿ ಎಲ್ಲವನ್ನೂ ಜಾಲತಾಣಕ್ಕೆ ಏರಿಸಿದರು.

ಕಪ್ಪೆ ಕೂಗನ್ನು ಯಾರು ಕೇಳುತ್ತಾರೆ ಎಂದುಕೊಂಡು ಅವಳು ಮರೆತೇಬಿಟ್ಟಳು.

ವಾರ ಕಳೆಯುವಷ್ಟರಲ್ಲಿ ಗ್ರಂಥಪಾಲಕಿಯ ಫೋನು ಬಂತು. “ಏನಮ್ಮಾ ನಿನ್ನ ಕಪ್ಪೆ! ಹಾಸ್ಟೆಲ್‌ನೋರು, ಕ್ಯಾಂಟೀನ್‌ನೋರು, ಎಲ್ರೂ ಡೌನ್‌ಲೋಡ್ ಮಾಡ್ಕೊಳ್ತಿದಾರೆ! ನಮ್ಮಲ್ಲಿ ಯಾವ ಸಂಶೋಧನೆಗೂ ಇಷ್ಟು ಬೇಡಿಕೆ ಬಂದಿರ್ಲಿಲ್ಲ!”

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೈಸೂರು ಪಾಕಿನ ಡಬ್ಬಿ ಹಿಡಿದು, ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ, ಮರುದಿನ ಅವಳ ಪ್ರಬಂಧಕ್ಕೆ ಸಹಿ ಹಾಕಬೇಕಿದ್ದ ಗೈಡ್‌ ಕೋಣೆಗೆ ನುಗ್ಗಿದಳು.

“ಸರ್, ನನ್ನ ಕಪ್ಪೆ ಫೇಮಸ್ಸಾಗೋಯ್ತು!”

ಗೈಡ್ ಕಿವಿಯಿಂದ ಹೆಡ್‌ಫೋನ್ ತೆಗೆದು, ಒಂದು ಮೈಸೂರು ಪಾಕು ಬಾಯಿಗೆ ಹಾಕಿಕೊಂಡರು.

“ಕೆರೆ ದಂಡೇಲಿ ನೀನು ನನ್ನ ಥರಾನೇ ಅಣಕಿಸಿ ಪಾಠ ಮಾಡೋವಾಗ ಪ್ರತಿ ಮಾತಿಗೂ ಒಂದು ಕಪ್ಪೆ ಹೂಂಗುಟ್ತಲ್ಲ, ಅದು ಯಾವ ಜಾತಿದಮ್ಮ? ನನ್ನ ಪಾಠಾನ ಅಷ್ಟು ಶ್ರದ್ಧೆಯಿಂದ ಕೇಳಿದ ವಿದ್ಯಾರ್ಥಿ ಅದೊಂದೇ.”