ನಿಂಗಣ್ಣನನ್ನು ಒಯ್ಯಲು ಬಂದವರು

ಖಾಕಿ ಶರ್ಟಿನ ಅಧಿಕಾರಿ ಕೂರಲಿಲ್ಲ. ದೂರು ಬಂದಿದೆ, ನಿಂಗಣ್ಣ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು.

ಅರವಿಂದ ಹಿಂದಿನ ಬಾಲ್ಕನಿಯ ಕಡೆ ನೋಡಿದ. ನೋಡಬಾರದಿತ್ತು ಅನ್ನಿಸಿತು. ಬಾಗಿಲು ಮುಚ್ಚಿತ್ತು. ಅದಕ್ಕೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಅವನ ತಾಯಿ ಸುಶೀಲಾಬಾಯಿ ಕುಳಿತಿದ್ದರು.

ಅರವಿಂದನ ಮಗ ಸಮೀರ ಶಾಲೆಯಲ್ಲಿ ಜಂಬ ಕೊಚ್ಚಿದ್ದ: ಅಜ್ಜಿಯ ಭಾಷೆ ನನಗಿಂತ ನಮ್ಮ ನಿಂಗಣ್ಣನಿಗೇ ಚೆನ್ನಾಗಿ ಬರುತ್ತದೆ ಎಂದು. ಅದು ಯಾರ ಕಿವಿಗೋ ಬಿದ್ದಿತ್ತು.

ಎಲ್ಲಿಂದ ತಂದಿರಿ ಎಂಬ ಪ್ರಶ್ನೆ ಬಂತು. ಬಾಗಲಕೋಟೆಯಿಂದ ಎಂದ ಅರವಿಂದ. ಊರು ಬಿಡುವ ಮುಂಚೆ ಹಾಲಿನವನು ತಂದುಕೊಟ್ಟಿದ್ದ. ತಾಯಿಯಿಲ್ಲದ ಕೂಸು, ಇಟ್ಟುಕೊಳ್ಳಿ ಅಂದಿದ್ದ. ಹಾಲಿನವನ ಹೆಸರನ್ನೇ ಇಟ್ಟರು. ಔರಂಗಾಬಾದಿಗೆ, ಅಲ್ಲಿಂದ ನಾಶಿಕಕ್ಕೆ, ಬ್ಯಾಂಕು ವರ್ಗ ಮಾಡಿದಲ್ಲೆಲ್ಲ ಜೊತೆಗೆ ಬಂದಿದ್ದ. ಈಗ ಒಂಬತ್ತು ತುಂಬಿರಬೇಕು.

ಹೊರಗೆ ಬಿಡುತ್ತೀರಾ? ಇಲ್ಲ. ರಾತ್ರಿ ಬಾಗಿಲು ಹಾಕುತ್ತೀರಾ? ಹೌದು. ತನ್ನ ಉತ್ತರಗಳು ಅರವಿಂದನಿಗೇ ಕೆಟ್ಟದಾಗಿ ಕೇಳಿಸಿದವು. ಪಿಂಪಳಗಾಂವ್‌ನಿಂದ ದ್ರಾಕ್ಷಿ ತಂದರೆ ಮೊದಲ ಪಾಲು ಅವನದೇ ಎಂದ. ಇಂಥ ಕಾನೂನು ಇದೆಯೆಂದು ಗೊತ್ತಿರಲಿಲ್ಲ ಎಂದ.

"ನೀವು ಬ್ಯಾಂಕಿನವರು," ಎಂದರು ಅಧಿಕಾರಿ. "ಗೊತ್ತಿರಲಿಲ್ಲ ಅಂದವರಿಗೆ ನೀವೇನು ಹೇಳುತ್ತೀರಿ?"

ಅಂದು ಬೆಳಿಗ್ಗೆಯೇ ಅರವಿಂದ ಒಬ್ಬ ಈರುಳ್ಳಿ ರೈತನನ್ನು ಕೌಂಟರಿನಿಂದ ವಾಪಸ್ ಕಳಿಸಿದ್ದ. ನಿಯಮ ತಿಳಿದುಕೊಳ್ಳುವುದು ನಿಮ್ಮ ಜವಾಬ್ದಾರಿ ಅಂದಿದ್ದ.

ಅಧಿಕಾರಿಯೂ ದಣಿದಿದ್ದರು. ಮನೆಮನೆಯಲ್ಲೂ ಇದೇ ಮಾತು ಕೇಳಿ ಸಾಕಾಗಿದೆ ಎಂದರು. ಒಪ್ಪಿಸಿದರೆ ಕೇಸು ಮಾಡುವುದಿಲ್ಲ, ನೌಕರಿಗೂ ತೊಂದರೆಯಿಲ್ಲ.

ಅರವಿಂದ ತಾಯಿಯ ಎದುರು ಹೋಗಿ ನಿಂತ. ಹೆಂಡತಿ ಮಧುರಾ ಮರಾಠಿಯವಳು. ಸಮೀರ ಅಜ್ಜಿಗೆ ಮರಾಠಿಯಲ್ಲೇ ಉತ್ತರ ಕೊಡುತ್ತಾನೆ. ತಾನು ಮನೆ ಮುಟ್ಟುವಷ್ಟರಲ್ಲಿ ಮಾತಾಡುವ ಶಕ್ತಿ ಉಳಿದಿರುವುದಿಲ್ಲ. ಹಗಲೆಲ್ಲ ತಾಯಿಯೊಡನೆ ಕನ್ನಡ ಆಡಲು ಇದ್ದವನು ನಿಂಗಣ್ಣ ಒಬ್ಬನೇ.

"ಏಳವ್ವಾ," ಎಂದ.

"ಕದ್ದ ತಂದೀವೇನೋ ನಾವು?"

ಸುಶೀಲಾಬಾಯಿ ಸೆರಗು ಸರಿಪಡಿಸಿಕೊಂಡರು.

"ಅಂವಗ ಮರಾಠಿ ತಿಳಿಯೂದಿಲ್ಲ ಅಂತ ಅವರಿಗೆ ಹೇಳು. ಮಾತಾಡ್ಸಲಿಲ್ಲ ಅಂದ್ರ ಅಂವಾ ಉಣ್ಣೂದಿಲ್ಲ."

ಅರವಿಂದ ಅದನ್ನು ಮರಾಠಿಯಲ್ಲಿ ಹೇಳಿದ. ಅಧಿಕಾರಿ ನಗಲಿಲ್ಲ, ತಲೆಯಾಡಿಸಿದರು. ಸುಶೀಲಾಬಾಯಿ ಎದ್ದು, ಕುರ್ಚಿ ಸರಿಸಿ, ತಾವೇ ಬಾಗಿಲು ತೆಗೆದರು.

ಅರಣ್ಯ ಇಲಾಖೆಯ ಅಧಿಕಾರಿ ಪಂಜರದ ಮೇಲೆ ಬಟ್ಟೆ ಹೊದಿಸಿ ಮೆಟ್ಟಿಲಿಳಿಯುತ್ತಿದ್ದಾಗ, ಒಳಗಿನ ಗಿಳಿ ಸುಶೀಲಾಬಾಯಿಯದೇ ದನಿಯಲ್ಲಿ ಕೇಳಿತು: "ಊಟ ಆತೇನೋ ನಿಂಗಣ್ಣಾ?"